ಸಿನಿಮಾಕ್ಕೂ ಮುಂಚಿನ ಚಿತ್ರಗಳು

ಒಂದು ಚಿತ್ರವನ್ನು ನಿಮಗೆ ಮಾತಿನಲ್ಲೇ ತೋರಿಸಬೇಕಾಗಿದೆ. ಬರಡು ನೆಲ. ಹಿಂದೆ ಕಲ್ಲುಬಂಡೆಗಳು. ಮುಂದೆ ಎರಡು ಯಂತ್ರಗಳು ನಿಂತಿವೆ. ಒಂದು ಗಿಡ್ಡ, ದುಂಡಗೆ, ಡ್ರಮ್ಮಿನ ಆಕಾರ. ಇನ್ನೊಂದು ಎತ್ತರ, ಸಪೂರ. ಮೈಕಟ್ಟು ಮನುಷ್ಯನದು, ಮೈಯೆಲ್ಲ ಹೊಳೆಯುವ ಲೋಹ. ನಿಂತ ಭಂಗಿಯಲ್ಲೇ ಒಂದು ದಿಗಿಲು ಕಾಣುತ್ತದೆ. ಗೊತ್ತಿಲ್ಲದ ಊರಿನಲ್ಲಿ ಬಸ್ಸಿಳಿದವರ ದಿಗಿಲು.

ಈ ಚಿತ್ರವನ್ನು ಬರೆದವರು ರಾಲ್ಫ್ ಮ್ಯಾಕ್ವಾರಿ ಎಂಬ ಅಮೆರಿಕದ ಕಲಾವಿದರು. ಬರೆದದ್ದು 1975ರ ಹೊತ್ತಿಗೆ. ಆಗ ಸ್ಟಾರ್ ವಾರ್ಸ್ ಎಂಬ ಸಿನಿಮಾ ಇರಲಿಲ್ಲ. ಕ್ಯಾಮೆರಾ ಓಡಿರಲಿಲ್ಲ, ನಟರು ಗೊತ್ತಾಗಿರಲಿಲ್ಲ. ನಿರ್ದೇಶಕ ಜಾರ್ಜ್ ಲ್ಯೂಕಾಸರ ಕೈಯಲ್ಲಿ ದಿನಕ್ಕೊಂದು ರೂಪ ತಾಳುತ್ತಿದ್ದ ಒಂದು ಚಿತ್ರಕಥೆ ಇತ್ತು. ಅದನ್ನು ಓದಿದವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಹಣ ಹಾಕಬೇಕಾದ ಸ್ಟುಡಿಯೋದವರಿಗೆ ಈ ಲೋಕ ಹೇಗಿರುತ್ತದೆ ಎಂದು ತೋರಿಸಲೇಬೇಕಿತ್ತು. ಮ್ಯಾಕ್ವಾರಿಯವರ ಚಿತ್ರಗಳು ತೋರಿಸಿದವು. ಸ್ಟುಡಿಯೋ ಹಣ ಬಿಚ್ಚುವುದಕ್ಕೆ ಆ ಚಿತ್ರಗಳ ಬಲವೂ ಸೇರಿತ್ತು.

ಸಿನಿಮಾ ಹುಟ್ಟುವ ಮೊದಲು ಬರೆಯುವ ಇಂಥ ಚಿತ್ರಗಳಿಗೆ ಕಾನ್ಸೆಪ್ಟ್ ಆರ್ಟ್ ಎನ್ನುತ್ತಾರೆ. ನಾನು ಕಲ್ಪನಾಚಿತ್ರ ಎಂದು ಕರೆಯುತ್ತೇನೆ. ಹಳೆಯ ವೈಜ್ಞಾನಿಕ ಕಲ್ಪನೆಯ ಸಿನಿಮಾಗಳ ಮೂಲ ಕಲ್ಪನಾಚಿತ್ರಗಳನ್ನು ಹುಡುಕಿ, ಕೊಂಡು, ಕಾಪಾಡುವವರು ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ. ಇವತ್ತಿನ ಮಾತು ಆ ಸಂಗ್ರಹದ ಬಗ್ಗೆ. ನಾನು ಹೇಳಬೇಕಾದದ್ದು ಒಂದೇ. ಈ ಕಾಗದಗಳು ಕಸದ ಬುಟ್ಟಿಗೆ ಹೋಗಬೇಕಾದವು. ಕೆಲವರ ಪ್ರೀತಿಯಿಂದ ಉಳಿದವು. ಉಳಿಸಿದವರು ಕಾಗದದ ಜೊತೆಗೆ ಅದರ ಕತೆಯನ್ನೂ ಉಳಿಸಬೇಕು.

ಮೊದಲು ಮ್ಯಾಕ್ವಾರಿಯವರ ಬಗ್ಗೆ ಇನ್ನಷ್ಟು ಹೇಳಬೇಕು. ಹುಟ್ಟಿದ್ದು 1929ರಲ್ಲಿ. ಕೊರಿಯಾ ಯುದ್ಧದಲ್ಲಿ ತಲೆಗೆ ಗುಂಡೇಟು ಬಿದ್ದೂ ಬದುಕಿ ಬಂದರು. ದಂತವೈದ್ಯಕೀಯದ ಒಂದು ಸಂಸ್ಥೆಗೆ ಹಲ್ಲುಗಳ ಚಿತ್ರ ಬರೆದರು. ಆಮೇಲೆ ಬೋಯಿಂಗ್ ವಿಮಾನ ಕಂಪನಿಯಲ್ಲಿ ತಾಂತ್ರಿಕ ಚಿತ್ರಕಾರರಾದರು. ಅಪೋಲೋ ಯಾನಗಳ ಕಾಲದಲ್ಲಿ ಟೆಲಿವಿಷನ್ ಸುದ್ದಿಗಾಗಿ ಗಗನನೌಕೆಯ ಚಲನೆಯನ್ನು ಚಿತ್ರದಲ್ಲಿ ತೋರಿಸಿದರು. ಯಂತ್ರ ಹೇಗೆ ಕೂಡಿಕೊಂಡಿರುತ್ತದೆ ಎಂಬುದು ಆ ಕೈಗೆ ಗೊತ್ತಿತ್ತು. ಅವರು ಕಲ್ಪಿಸಿ ಬರೆದ ನೌಕೆಗಳೂ ಯಾರೋ ಬಳಸಿ ಸವೆಸಿದ ಹಾಗೆ ಕಾಣುವುದು ಅದಕ್ಕೇ.

ಅವರ ಇನ್ನೊಂದು ಚಿತ್ರದಲ್ಲಿ ಇಬ್ಬರು ಬೆಳಕಿನ ಕತ್ತಿ ಹಿಡಿದು ಸೆಣಸುತ್ತಿದ್ದಾರೆ. ಒಬ್ಬ ಕರಿಯ ನಿಲುವಂಗಿಯವನು, ಮುಖಕ್ಕೆ ಮುಖವಾಡ. ಮುಂದೆ ಜಗತ್ತಿಗೆಲ್ಲ ಪರಿಚಿತನಾದ ಡಾರ್ತ್ ವೇಡರ್ ಇವನೇ. ಆ ಮುಖವಾಡ ಹುಟ್ಟಿದ ಬಗೆ ಕೇಳಿ. ಕಥೆಯಲ್ಲಿ ಅವನು ಒಂದು ನೌಕೆಯಿಂದ ಇನ್ನೊಂದಕ್ಕೆ ಬಾಹ್ಯಾಕಾಶದ ಮೂಲಕ ದಾಟಬೇಕಿತ್ತು. ಗಾಳಿಯಿಲ್ಲದ ಕಡೆ ಉಸಿರಾಡುವುದು ಹೇಗೆ ಎಂಬ ಪ್ರಶ್ನೆ ಮ್ಯಾಕ್ವಾರಿಯವರಿಗೆ ಬಂತು. ಉಸಿರಾಟದ ಮುಖವಾಡವೊಂದನ್ನು ಬರೆದರು. ಬಾಹ್ಯಾಕಾಶ ದಾಟುವ ದೃಶ್ಯ ಬಿದ್ದುಹೋಯಿತು. ಮುಖವಾಡ ಉಳಿಯಿತು. ಅದರ ಜೊತೆಗೆ ಆ ಉಸಿರಿನ ಸದ್ದೂ ಉಳಿಯಿತು. ವಿಮಾನದ ಭಾಗಗಳನ್ನು ಬರೆದು ಪಳಗಿದವರಿಗೆ ಸಹಜವಾಗಿ ಹೊಳೆದ ಒಂದು ಪ್ರಶ್ನೆಯಿಂದ ಇಷ್ಟೆಲ್ಲ ಆಯಿತು.

ಇಷ್ಟು ಸಾಲದು ಎನ್ನುವ ಹಾಗೆ ಇನ್ನೂ ಒಂದಿದೆ. ಒಂದು ಹಂತದಲ್ಲಿ ಲ್ಯೂಕಾಸರು ಕಥೆಯ ನಾಯಕನನ್ನು ಹುಡುಗಿಯನ್ನಾಗಿ ಬದಲಿಸಿದ್ದರು. ಆಮೇಲೆ ಮತ್ತೆ ಹುಡುಗನಾದ. ಆ ನಡುವಿನ ದಿನಗಳಲ್ಲಿ ಮ್ಯಾಕ್ವಾರಿ ಬರೆದ ಚಿತ್ರದಲ್ಲಿ ಹುಡುಗಿಯೇ ಇದ್ದಾಳೆ. ಸಿನಿಮಾ ನೋಡಿದ ಕೋಟಿಗಟ್ಟಲೆ ಜನರಿಗೆ ಅವಳು ಗೊತ್ತಿಲ್ಲ. ಅವಳಿರುವುದು ಆ ಕಾಗದದ ಮೇಲೆ ಮಾತ್ರ.

ನನ್ನನ್ನು ಈ ಚಿತ್ರಗಳು ಹಿಡಿದು ನಿಲ್ಲಿಸುವುದು ಇಲ್ಲೇ. ಸಿನಿಮಾ ತೆರೆಗೆ ಬಂದಾಗ ಎಲ್ಲ ತೀರ್ಮಾನವಾಗಿರುತ್ತದೆ. ಕಾಗದದ ಮೇಲೆ ಇನ್ನೂ ಯಾವುದೂ ತೀರ್ಮಾನವಾಗಿರುವುದಿಲ್ಲ. ಅನುಮಾನ ಇರುತ್ತದೆ, ತಿದ್ದಿದ ಗುರುತು ಇರುತ್ತದೆ, ಬೇಡವೆಂದು ಬಿಟ್ಟ ಒಳ್ಳೆಯ ಯೋಚನೆಗಳೂ ಇರುತ್ತವೆ.

ಕೇಳುಗರೇ, ಇಷ್ಟು ಹೊತ್ತು ಸಿನಿಮಾಕ್ಕೂ ಮೊದಲು ಚಿತ್ರ ಹುಟ್ಟುತ್ತದೆ ಎಂದು ಹೇಳಿದೆ. ಅದರಲ್ಲಿ ಕೈಬಿಟ್ಟ ದಾರಿಗಳೂ ಕಾಣುತ್ತವೆ ಎಂದೆ. ಈಗ ಅರ್ಧ ಶತಮಾನ ಹಿಂದಕ್ಕೆ ಹೋಗೋಣ, ಜರ್ಮನಿಗೆ.

ಫ್ರಿಟ್ಜ್ ಲ್ಯಾಂಗ್ ಅವರ ಮೆಟ್ರೊಪೊಲಿಸ್ ಬಿಡುಗಡೆಯಾದದ್ದು 1927ರಲ್ಲಿ. ಅದರಲ್ಲೊಂದು ಲೋಹದ ಹೆಣ್ಣುಬೊಂಬೆ ಬರುತ್ತದೆ. ಮ್ಯಾಕ್ವಾರಿಯವರ ಆ ಸಪೂರ ಯಂತ್ರಮಾನವನಿಗೆ ಮಾದರಿ ಈ ಬೊಂಬೆಯೇ. ಮೆಟ್ರೊಪೊಲಿಸ್ ನಗರದ ಚಿತ್ರಗಳನ್ನು ಬರೆದವರಲ್ಲಿ ಎರಿಕ್ ಕೆಟೆಲ್‌ಹುಟ್ ಮುಖ್ಯರು. ಅವರ ಮೊದಲ ಚಿತ್ರವೊಂದರಲ್ಲಿ ಗಗನಚುಂಬಿ ಕಟ್ಟಡಗಳ ನಡುವೆ ಒಂದು ಚರ್ಚು ನಿಂತಿದೆ. ಲ್ಯಾಂಗ್ ಆ ಚರ್ಚನ್ನು ಹೊಡೆದುಹಾಕಿದರು. ಚರ್ಚು ಬೇಡ, ಅಲ್ಲಿ ಬೇಬಲ್ ಗೋಪುರವೇ ಬರಲಿ ಎಂಬ ಅರ್ಥದ ಸೂಚನೆಯನ್ನು ಆ ಹಾಳೆಯ ಮೇಲೆಯೇ ಬರೆದರು.

ಅದರಲ್ಲಿ ಏನು ನಡೆದಿದೆ ನೋಡಿ. ಹಳೆಯ ಊರುಗಳ ನಡುವೆ ದೇವಾಲಯ ಇರುತ್ತಿತ್ತು. ಈ ಹೊಸ ಊರಿನ ನಡುವೆ ಒಡೆಯನ ಗೋಪುರ ಬಂತು. ಇಡೀ ಸಿನಿಮಾದ ವಿಚಾರ ಆ ಒಂದು ಗೀಟಿನಲ್ಲಿ ತಿರುಗಿತು. ಸಿನಿಮಾ ನೋಡಿದವರಿಗೆ ಗೋಪುರ ಕಾಣುತ್ತದೆ. ಹಾಳೆ ನೋಡಿದವರಿಗೆ ಮಾತ್ರ ಚರ್ಚೂ ಕಾಣುತ್ತದೆ, ಗೀಟೂ ಕಾಣುತ್ತದೆ. ಮೆಟ್ರೊಪೊಲಿಸ್ ಬಿಡುಗಡೆಯಾದ ಮೇಲೆ ಅದನ್ನು ವಿತರಕರು ಕತ್ತರಿಸಿದರು. ಸುಮಾರು ಕಾಲುಭಾಗ ಎಷ್ಟೋ ದಶಕ ಕಾಣೆಯಾಗಿತ್ತು. ಅದರಲ್ಲಿ ಬಹುಪಾಲು 2008ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಿತು. ಅಷ್ಟೂ ವರ್ಷ ಆ ನಗರದ ಪೂರ್ಣ ಕಲ್ಪನೆ ಏನಿತ್ತು ಎಂದು ತಿಳಿಯಲು ವಿದ್ವಾಂಸರಿಗೆ ಕಾಗದಗಳು ನೆರವಾದವು.

ಹಾಗಿದ್ದರೆ ಇಂಥ ಹಾಳೆಗಳು ಎಲ್ಲಿ ಹೋದವು? ಬಹುಪಾಲು ಹಾಳಾದವು. ಕಾರಣ ಸರಳ. ಅವು ಕೆಲಸದ ಕಾಗದಗಳು. ಕಲಾವಿದರು ಸ್ಟುಡಿಯೋದ ಸಂಬಳದ ಮೇಲಿದ್ದರು, ಬರೆದದ್ದು ಸ್ಟುಡಿಯೋದ ಸ್ವತ್ತು. ಸೆಟ್ಟು ಕಟ್ಟಿ ಮುಗಿದ ಮೇಲೆ ನಕ್ಷೆ ಯಾರಿಗೆ ಬೇಕು? ಗೋದಾಮಿನ ಜಾಗ ತೆರವಾಗಬೇಕಿತ್ತು. 1970ರಲ್ಲಿ ಎಂಜಿಎಂ ಸ್ಟುಡಿಯೋ ತನ್ನ ಉಡುಪು, ಪರಿಕರಗಳನ್ನೆಲ್ಲ ಹರಾಜಿಗೆ ಹಾಕಿತು. ಆ ಕಾಲದಲ್ಲೇ ತನ್ನ ಸಿನಿಮಾಗಳ ಸಂಗೀತದ ಹಸ್ತಪ್ರತಿಗಳನ್ನು ರಾಶಿರಾಶಿಯಾಗಿ ಕಸದ ಗುಂಡಿಗೆ ಸುರಿಯಿತು. ಸ್ಟಾನ್ಲಿ ಕುಬ್ರಿಕ್ ಅವರದು ಇನ್ನೊಂದು ಬಗೆ. 1968ರ ಸಿನಿಮಾ 2001: ಎ ಸ್ಪೇಸ್ ಒಡಿಸ್ಸಿಯ ಸೆಟ್ಟು, ಮಾದರಿಗಳು ಬೇರೆ ಸಿನಿಮಾದವರ ಕೈ ಸೇರಬಾರದೆಂದು ಅವರೇ ನಾಶಮಾಡಿಸಿದರು. ಆ ಸಿನಿಮಾಕ್ಕೆ ಚಿತ್ರ ಬರೆದ ಹ್ಯಾರಿ ಲಾಂಗೆ ಹಿಂದೆ ನಾಸಾದಲ್ಲಿ ರಾಕೆಟ್ ವಿಜ್ಞಾನಿಗಳ ಜೊತೆ ದುಡಿದವರು. ಆ ಸಿನಿಮಾದ ಕಾಗದಗಳಲ್ಲಿ ಒಂದಷ್ಟು ನಮಗೆ ದಕ್ಕಿದ್ದು, ಸಿನಿಮಾದ ತಾಂತ್ರಿಕ ಸಲಹೆಗಾರರಾಗಿದ್ದ ಫ್ರೆಡರಿಕ್ ಆರ್ಡ್‌ವೇ ತಮ್ಮ ಹತ್ತಿರ ಇಟ್ಟುಕೊಂಡಿದ್ದರಿಂದ.

ಒಂದು ಹಾಳೆ ಉಳಿದಿದೆ ಎಂದರೆ ಯಾರೋ ಒಬ್ಬರು ಅದನ್ನು ಮನೆಗೆ ಒಯ್ದಿದ್ದಾರೆ ಎಂದೇ ತಿಳಿಯಬೇಕು. ಕಲಾವಿದರೇ ಒಯ್ದಿರಬಹುದು, ಸಹಾಯಕರು ಒಯ್ದಿರಬಹುದು. ಕಸ ಗುಡಿಸಲು ಬಂದವರು ಅಂದ ನೋಡಿ ಎತ್ತಿಟ್ಟಿರಬಹುದು. ಅವರೆಲ್ಲರಿಗೂ ನಾವು ಋಣಿಗಳು.

ಇಲ್ಲಿಯವರೆಗೆ ಎರಡು ಮಾತಾಯಿತು. ಈ ಚಿತ್ರಗಳಲ್ಲಿ ಯೋಚನೆಯ ಹೆಜ್ಜೆಗುರುತಿದೆ. ಅವುಗಳಲ್ಲಿ ಹೆಚ್ಚಿನವು ನಾಶವಾದವು. ಈಗ ಉಳಿಸಿದವರ ಕಡೆಗೆ ಬರೋಣ. ಇಬ್ಬರ ಕತೆ ಹೇಳುತ್ತೇನೆ.

ಮೊದಲನೆಯವರು ಫಾರೆಸ್ಟ್ ಅಕರ್‌ಮನ್. ಲಾಸ್ ಏಂಜಲೀಸ್‌ನವರು, 1916ರಲ್ಲಿ ಹುಟ್ಟಿದವರು. ವೈಜ್ಞಾನಿಕ ಕತೆ, ಸಿನಿಮಾ ಎಂದರೆ ಜೀವ ಬಿಡುತ್ತಿದ್ದರು. ಪುಸ್ತಕ, ಚಿತ್ರ, ಮುಖವಾಡ, ಮಾದರಿ ಎಲ್ಲ ಸೇರಿ ಸುಮಾರು 3 ಲಕ್ಷ ವಸ್ತುಗಳು ಅವರ ಮನೆಯಲ್ಲಿದ್ದವು ಎನ್ನುತ್ತಾರೆ. ಶನಿವಾರ ಬಂತೆಂದರೆ ಆ ಮನೆಯ ಬಾಗಿಲು ಎಲ್ಲರಿಗೂ ತೆರೆದಿರುತ್ತಿತ್ತು. ಟಿಕೆಟ್ ಇಲ್ಲ. ಹುಡುಗರು ಬರುತ್ತಿದ್ದರು, ಇವರೇ ಮುಂದೆ ನಿಂತು ವಿವರಿಸುತ್ತಿದ್ದರು. ಅಲ್ಲಿಗೆ ಬಂದುಹೋದ ಎಷ್ಟೋ ಮಂದಿ ಮುಂದೆ ಸಿನಿಮಾರಂಗ ಸೇರಿದರು. ಈ ಸಂಗ್ರಹವೆಲ್ಲ ಒಂದೇ ಕಡೆ ಸಂಗ್ರಹಾಲಯವಾಗಿ ಉಳಿಯಲಿ ಎಂಬುದು ಅವರ ಆಸೆ. ಅದು ಕೈಗೂಡಲಿಲ್ಲ. ಮುಪ್ಪಿನಲ್ಲಿ ಕೋರ್ಟು ಖರ್ಚು, ಆಸ್ಪತ್ರೆ ಖರ್ಚು ಬಂತು. ಬಹುಪಾಲನ್ನು ಮಾರಬೇಕಾಯಿತು. 2008ರಲ್ಲಿ ಅವರು ತೀರಿಕೊಂಡರು. ಮರುವರ್ಷ ಉಳಿದದ್ದೂ ಹರಾಜಾಯಿತು. ಜೀವಮಾನವಿಡೀ ಕೂಡಿಸಿದ್ದು ಚೆಲ್ಲಾಪಿಲ್ಲಿಯಾಗಿ ಹೋಯಿತು. ಈ ಕತೆ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಎರಡನೆಯವರು ರೇ ಹ್ಯಾರಿಹೌಸನ್. ಅಕರ್‌ಮನ್ ಅವರ ಗೆಳೆಯರೇ. ಸಣ್ಣ ಬೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ, ಒಂದೊಂದೇ ಫ್ರೇಮು ತೆಗೆದು, ಪ್ರಾಣಿಗಳನ್ನು ನಡೆದಾಡಿಸಿದ ಮಾಂತ್ರಿಕರು. ಬೊಂಬೆ ಮಾಡುವ ಮೊದಲು ಅವರು ಇದ್ದಿಲು, ಪೆನ್ಸಿಲ್ ಹಿಡಿದು ಮುಖ್ಯ ದೃಶ್ಯಗಳನ್ನು ದೊಡ್ಡದಾಗಿ ಬರೆಯುತ್ತಿದ್ದರು. ನಿರ್ಮಾಪಕರ ಮುಂದೆ ಹರಡುತ್ತಿದ್ದುದು ಅವುಗಳನ್ನೇ. 1949ರ ಸುಮಾರಿಗೆ ಅವರು ವಾರ್ ಆಫ್ ದಿ ವರ್ಲ್ಡ್ಸ್ ಕಾದಂಬರಿಯನ್ನು ಸಿನಿಮಾ ಮಾಡಬೇಕೆಂದು ಚಿತ್ರಗಳನ್ನು ಬರೆದರು. ಮಂಗಳ ಗ್ರಹದಿಂದ ಬಂದ ಮೂರು ಕಾಲಿನ ಯಂತ್ರಗಳು ಊರಿನ ಮೇಲೆ ಎರಗುತ್ತಿರುವ ಚಿತ್ರಗಳು. ಹಣ ಹಾಕುವವರು ಸಿಗಲಿಲ್ಲ. 1953ರಲ್ಲಿ ಅದೇ ಕತೆಯನ್ನು ಜಾರ್ಜ್ ಪಾಲ್ ಸಿನಿಮಾ ಮಾಡಿದರು. ಅದರಲ್ಲಿ ಮೂರು ಕಾಲಿನ ಯಂತ್ರಗಳಿಲ್ಲ, ತೇಲುವ ಯಂತ್ರಗಳಿವೆ. ಹ್ಯಾರಿಹೌಸನ್ ಕಂಡ ಸಿನಿಮಾ ಆ ಚಿತ್ರಗಳಲ್ಲೂ ಒಂದು ಸಣ್ಣ ಪ್ರಯೋಗದ ಫಿಲ್ಮಿನಲ್ಲೂ ಉಳಿದಿದೆ.

ಹ್ಯಾರಿಹೌಸನ್ ಯಾವುದನ್ನೂ ಎಸೆಯಲಿಲ್ಲ. 1986ರಲ್ಲಿ ತಾವು, ತಮ್ಮ ಪತ್ನಿ ಡಯಾನಾ ಸೇರಿ ಒಂದು ಪ್ರತಿಷ್ಠಾನ ಕಟ್ಟಿದರು. ಬೊಂಬೆ, ಅಚ್ಚು, ಚಿತ್ರ ಎಲ್ಲ ಸೇರಿ ಸುಮಾರು 50,000 ವಸ್ತುಗಳು ಅದರ ಕೈಯಲ್ಲಿವೆ. 2013ರಲ್ಲಿ ಅವರು ಹೋದ ಮೇಲೂ ಸಂಗ್ರಹ ಒಡೆಯಲಿಲ್ಲ. ಅವರ ಹುಟ್ಟಿನ ನೂರನೆಯ ವರ್ಷ, 2020ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ದೊಡ್ಡ ಪ್ರದರ್ಶನವಾಯಿತು. ಇಬ್ಬರ ಪ್ರೀತಿಯೂ ಒಂದೇ ತೂಕದ್ದು. ಒಬ್ಬರು ಬದುಕಿದ್ದಾಗಲೇ ಕಾಗದಪತ್ರ ಮಾಡಿ ವ್ಯವಸ್ಥೆ ಕಟ್ಟಿದರು. ಸಂಗ್ರಹ ಮಾಡುವವರು ಯಾರೇ ಆಗಲಿ, ಈ ವ್ಯವಸ್ಥೆಯ ವಿಚಾರವನ್ನು ನಾಳೆಗೆ ಮುಂದೂಡಬಾರದು.

ಚಿತ್ರ ಏಕೆ ಮುಖ್ಯ ಎಂದು ಹೇಳಿದೆ, ಹೇಗೆ ಕಳೆದುಹೋಯಿತು, ಯಾರು ಉಳಿಸಿದರು ಎಂದೂ ಹೇಳಿದೆ. ಈಗ ಸಂಗ್ರಹಕಾರರ ಮೇಜಿನ ಮುಂದೆ ಕೂರೋಣ. ಮುಂದೆ ಒಂದು ಹಾಳೆ ಇದೆ. ಇದು ಮೂಲವೇ ಎಂದು ತಿಳಿಯುವುದು ಹೇಗೆ?

ಮೊದಲು ಭೂತಕನ್ನಡಿ ಬೇಕು. ಅಚ್ಚಾದ ಪ್ರತಿಯನ್ನು ಅದರಡಿ ಹಿಡಿದರೆ ಬಣ್ಣ ಒಡೆದು ಚುಕ್ಕಿಗಳಾಗುತ್ತದೆ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಗುಂಪುಗುಂಪಾಗಿ, ಸಾಲಾಗಿ ಕೂತಿರುತ್ತವೆ. ಮೂಲದಲ್ಲಿ ಚುಕ್ಕಿಯಿಲ್ಲ. ಮ್ಯಾಕ್ವಾರಿ, ಬ್ಲೇಡ್ ರನ್ನರ್ ಸಿನಿಮಾಕ್ಕೆ ಚಿತ್ರ ಬರೆದ ಸಿಡ್ ಮೀಡ್ ಮುಂತಾದವರು ಹೆಚ್ಚಾಗಿ ಬಳಸಿದ್ದು ಗೌಶ್ ಎಂಬ ಬಣ್ಣ. ನೀರಿನಲ್ಲಿ ಕಲಸುವ ಬಣ್ಣವೇ, ಆದರೆ ಗಟ್ಟಿ, ಕೆಳಗಿನದನ್ನು ಮುಚ್ಚುತ್ತದೆ. ಅದರ ಅಂಚಿನಲ್ಲಿ ಕುಂಚ ನಿಂತ ಕಡೆ ಒಂದು ಸಣ್ಣ ಏರು ಕಾಣುತ್ತದೆ. ಬೆಳಕನ್ನು ಪಕ್ಕದಿಂದ ಬಿಟ್ಟರೆ ಆ ಏರು ಎದ್ದು ಕಾಣುತ್ತದೆ. ಬಣ್ಣ ತೆಳುವಾದ ಕಡೆ ಅಡಿಯ ಪೆನ್ಸಿಲ್ ಗೆರೆ ಇಣುಕುತ್ತದೆ. ಗ್ರಹದ ಗುಂಡು ಬರೆದ ಕಡೆ ಕೈವಾರದ ಮುಳ್ಳು ಚುಚ್ಚಿದ ತೂತು ಸಿಕ್ಕರೂ ಸಿಗಬಹುದು. ಸ್ಟಾರ್ ವಾರ್ಸ್ ಬಂದ 1977ರಲ್ಲೇ ಮ್ಯಾಕ್ವಾರಿಯವರ ಇಪ್ಪತ್ತರಷ್ಟು ಚಿತ್ರಗಳ ಅಚ್ಚಿನ ಕಟ್ಟು ಮಾರಾಟಕ್ಕೆ ಬಂದಿತ್ತು. ಚೆನ್ನಾದ ಅಚ್ಚು. ಗಾಜು ಹಾಕಿ ಗೋಡೆಗೆ ತೂಗಿದರೆ ಬರಿಗಣ್ಣಿಗೆ ಮೂಲದಂತೆಯೇ ಕಾಣಬಹುದು. ಮೂಲಗಳಲ್ಲಿ ಮುಖ್ಯವಾದವು ಲ್ಯೂಕಾಸರ ಸಂಗ್ರಹದಲ್ಲೇ ಇವೆ.

ಎರಡನೆಯದಾಗಿ ಹಾಳೆಯನ್ನು ಮಗುಚಬೇಕು. ಹಿಂಬದಿ ಹೇಳುವಷ್ಟನ್ನು ಎಷ್ಟೋ ಸಲ ಮುಂಬದಿ ಹೇಳುವುದಿಲ್ಲ. ಸ್ಟುಡಿಯೋದ ಮೊಹರು, ದೃಶ್ಯದ ಸಂಖ್ಯೆ, ಯಾರದೋ ಸಹಿ, ಅಂಟು ಒಣಗಿ ಕಂದಾದ ಕಲೆ. ಇವೆಲ್ಲ ಆ ಹಾಳೆ ದುಡಿದ ಗುರುತುಗಳು. ಅಂದಗಾಣಿಸಲು ಹೋಗಿ ಇವನ್ನು ಕತ್ತರಿಸುವುದು, ಹೊಸ ರಟ್ಟಿಗೆ ಅಂಟಿಸುವುದು ದೊಡ್ಡ ಅನ್ಯಾಯ.

ಮೂರನೆಯದು ಭೂತಕನ್ನಡಿಗೂ ಸಿಗದ ಪ್ರಶ್ನೆ. ಕೈಯಿಂದಲೇ ಬರೆದದ್ದು ಹೌದು, ಆದರೆ ಯಾವಾಗ ಬರೆದದ್ದು? ಇದಕ್ಕೆ ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1902ರಲ್ಲಿ ಚಂದ್ರಯಾನದ ಸಿನಿಮಾ ತೆಗೆದವರು. ಚಂದ್ರನ ಕಣ್ಣಿಗೆ ರಾಕೆಟ್ ನಾಟಿದ ಆ ದೃಶ್ಯ ಅವರದು. ಮುಂದೆ ವ್ಯಾಪಾರ ಮುಳುಗಿತು. 1923ರಲ್ಲಿ ನೊಂದು ತಮ್ಮ ಸಿನಿಮಾಗಳ ನೆಗೆಟಿವ್‌ಗಳನ್ನು ತಾವೇ ಸುಟ್ಟರು. ಪ್ಯಾರಿಸ್ಸಿನ ರೈಲು ನಿಲ್ದಾಣವೊಂದರಲ್ಲಿ ಆಟಿಕೆ ಅಂಗಡಿ ಇಟ್ಟು ಬದುಕಿದರು. ಕೊನೆಗಾಲದಲ್ಲಿ ಅವರನ್ನು ಜನ ಮತ್ತೆ ಗುರುತಿಸಿದರು. ಆಗ, 1930ರ ದಶಕದಲ್ಲಿ, ಕೇಳಿದವರಿಗಾಗಿ ತಮ್ಮ ಹಳೆಯ ಸಿನಿಮಾಗಳ ದೃಶ್ಯಗಳನ್ನು ನೆನಪಿನಿಂದ ಮತ್ತೆ ಬರೆದುಕೊಟ್ಟರು. ಅವು ಅವರದೇ ಕೈಬರಹ, ಅವರದೇ ಸಹಿ. ಆದರೆ ಸಿನಿಮಾಕ್ಕೂ ಮುಂಚಿನವಲ್ಲ, ಮೂವತ್ತು ವರ್ಷದ ನಂತರದವು. ನನಗೆ ಆ ಚಿತ್ರಗಳ ಮೇಲೆ ಅಪಾರ ಗೌರವ. ಬೆಂಕಿಗೆ ಹಾಕಿದ್ದನ್ನು ಒಬ್ಬ ಮುದುಕರು ಪೆನ್ನಿನಿಂದ ಮತ್ತೆ ಕಟ್ಟಿದ್ದಾರೆ. ಅವನ್ನು ಅವುಗಳ ನಿಜವಾದ ಕಾಲದ ಜೊತೆಗೇ ಇಟ್ಟುಕೊಳ್ಳಬೇಕು. ಕಾಗದಕ್ಕೆ ಅದರ ಕತೆ ಬೇಕು ಎಂದೆನಲ್ಲ, ಅದು ಇದಕ್ಕೇ.

ಮೂಲವನ್ನು ಗುರುತಿಸುವ ಮಾತಾಯಿತು. ಕೊಂಡವರ ಕೈಗೆ ನಿಜಕ್ಕೂ ಬರುವುದೇನು ಎಂಬುದು ಮುಂದಿನ ಮಾತು.

1970ರ ದಶಕದ ನಡುವೆ ಅಲೆಹಾಂದ್ರೊ ಹೊಡೊರೊವ್ಸ್ಕಿ ಎಂಬ ನಿರ್ದೇಶಕರು ಡ್ಯೂನ್ ಕಾದಂಬರಿಯನ್ನು ಸಿನಿಮಾ ಮಾಡಲು ಹೊರಟರು. ಫ್ರಾನ್ಸಿನ ಮೋಬಿಯಸ್, ಇಂಗ್ಲೆಂಡಿನ ಕ್ರಿಸ್ ಫಾಸ್, ಸ್ವಿಟ್ಜರ್ಲೆಂಡಿನ ಎಚ್. ಆರ್. ಗೀಗರ್ ಅವರಿಗಾಗಿ ಚಿತ್ರ ಬರೆದರು. ಅವನ್ನೆಲ್ಲ ಸೇರಿಸಿ ದಪ್ಪನೆಯ ಪುಸ್ತಕ ಮಾಡಿ ಹಾಲಿವುಡ್ಡಿನ ಸ್ಟುಡಿಯೋಗಳಿಗೆ ಹಂಚಿದರು. ಯಾರೂ ಹಣ ಕೊಡಲಿಲ್ಲ. ಆದರೆ ಆ ತಂಡ ವ್ಯರ್ಥವಾಗಲಿಲ್ಲ. ಈ ಮೂವರು ಕಲಾವಿದರೂ ಮುಂದೆ 1979ರ ಏಲಿಯನ್ ಸಿನಿಮಾದಲ್ಲಿ ದುಡಿದರು. ಗೀಗರ್ ಅವರಿಗೆ ಆಸ್ಕರ್ ಬಂತು.

ಆ ಡ್ಯೂನ್ ಪುಸ್ತಕದ ಪ್ರತಿಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. 2021ರಲ್ಲಿ ಒಂದು ಪ್ರತಿ ಪ್ಯಾರಿಸ್ಸಿನಲ್ಲಿ ಹರಾಜಿಗೆ ಬಂತು. ಸುಮಾರು 30,000 ಯೂರೋ ಬಂದೀತೆಂಬ ಅಂದಾಜಿತ್ತು. ಬಂದದ್ದು 26 ಲಕ್ಷ ಯೂರೋಗೂ ಮೇಲೆ. ಇಂಟರ್‌ನೆಟ್‌ನಲ್ಲಿ ಕ್ರಿಪ್ಟೋ ಹಣ ಕೂಡಿಸಿದ ಒಂದು ಗುಂಪು ಅದನ್ನು ಕೊಂಡಿತು. ಪುಸ್ತಕವನ್ನು ಎಲ್ಲರಿಗೂ ತೆರೆದಿಡುತ್ತೇವೆ, ಕಾರ್ಟೂನ್ ಸರಣಿ ಮಾಡುತ್ತೇವೆ ಎಂದು ಸಾರಿತು. ಆದರೆ ಅವರು ಕೊಂಡದ್ದು ಪುಸ್ತಕದ ಒಂದು ಪ್ರತಿಯನ್ನು. ಹಕ್ಕುಸ್ವಾಮ್ಯ ಅದರ ಜೊತೆ ಬರುವುದಿಲ್ಲ. ಕಲ್ಪನಾಚಿತ್ರ ಕೊಳ್ಳುವವರೆಲ್ಲರೂ ಇದನ್ನು ತಿಳಿದಿರಬೇಕು. ನೋಡಬಹುದು, ತೋರಿಸಬಹುದು, ಮಾರಬಹುದು. ಅಚ್ಚು ಹಾಕುವ, ಸಿನಿಮಾ ಮಾಡುವ ಹಕ್ಕು ಬೇರೆಯವರದು.

ಇಷ್ಟು ಹೊತ್ತು ಹೊರದೇಶಗಳ ಮಾತಾಯಿತು. ನಮ್ಮ ದೇಶದ ಒಂದು ಹಾಳೆಯ ಬಗ್ಗೆಯೂ ಹೇಳಬೇಕು. 1967ರಲ್ಲಿ ಸತ್ಯಜಿತ್ ರಾಯ್ ದಿ ಏಲಿಯನ್ ಎಂಬ ಚಿತ್ರಕಥೆ ಬರೆದರು. ಬಂಗಾಳದ ಒಂದು ಹಳ್ಳಿ. ಅಲ್ಲಿಯ ತಾವರೆಕೊಳಕ್ಕೆ ಬೇರೆ ಲೋಕದ ನೌಕೆ ಬಂದು ಬೀಳುತ್ತದೆ. ನೀರಿನಿಂದ ತಲೆಯೆತ್ತಿದ ಅದನ್ನು ಹಳ್ಳಿಯವರು ದೇವಸ್ಥಾನವೆಂದು ಬಗೆಯುತ್ತಾರೆ. ನೌಕೆಯಲ್ಲಿ ಬಂದ ಜೀವಿಯನ್ನು ರಾಯ್ ಅವರೇ ಬರೆದರು. ಸಣಕಲು ಮೈ, ದೊಡ್ಡ ತಲೆ. ಹಾಲಿವುಡ್ಡಿನ ಸ್ಟುಡಿಯೋ ಒಪ್ಪಿ ಮಾತುಕತೆ ನಡೆಯಿತು. ಸಿನಿಮಾ ಆಗಲಿಲ್ಲ. ಆ ಚಿತ್ರಕಥೆ, ರೇಖಾಚಿತ್ರಗಳು ಇವತ್ತು ಪುಸ್ತಕವಾಗಿ ನಮ್ಮ ಕೈಗೆ ಸಿಗುತ್ತವೆ. ರಾಯ್ ತಮ್ಮ ಸಿನಿಮಾಗಳ ದೃಶ್ಯಗಳನ್ನು ಬರೆಯುತ್ತಿದ್ದದ್ದು ಅಂಗಡಿಯವರು ಲೆಕ್ಕ ಬರೆಯುವ ಕೆಂಪು ಬಟ್ಟೆಯ ರಟ್ಟಿನ ಖಾತೆ ಪುಸ್ತಕಗಳಲ್ಲಿ. ಅವರ ಕಾಗದಪತ್ರಗಳನ್ನು ಕಾಪಾಡಲು 1994ರಲ್ಲಿ ಕೋಲ್ಕತ್ತದಲ್ಲಿ ಒಂದು ಸಂಸ್ಥೆಯೇ ಹುಟ್ಟಿತು. ಮನೆಯವರು, ಆಪ್ತರು ಬೇಗ ಎಚ್ಚೆತ್ತದ್ದರ ಫಲ ಇದು.

ಹೀಗೆ ಎಚ್ಚೆತ್ತುಕೊಳ್ಳಲು ನಮಗೂ ಹೆಚ್ಚು ಕಾಲವಿಲ್ಲ. ಕಾಗದದ ಮೇಲೆ ಬರೆದ ತಲೆಮಾರು ಸರಿಯುತ್ತಿದೆ. ಮ್ಯಾಕ್ವಾರಿ 2012ರಲ್ಲಿ ತೀರಿಕೊಂಡರು. ಬ್ಲೇಡ್ ರನ್ನರ್ ಸಿನಿಮಾದ ಮಳೆಯ ನಗರವನ್ನು ಕಲ್ಪಿಸಿದ ಸಿಡ್ ಮೀಡ್ 2019ರಲ್ಲಿ ಹೋದರು. ಮೀಡ್ ಅವರನ್ನು ಕರೆಸಿದ್ದು ಬರೀ ವಾಹನಗಳನ್ನು ಬರೆಯುವುದಕ್ಕೆ. ಅವರು ವಾಹನದ ಹಿಂದೆ ಬೀದಿಯನ್ನೂ ಬರೆದರು. ನಿರ್ದೇಶಕ ರಿಡ್ಲಿ ಸ್ಕಾಟ್ ಆ ಬೀದಿಯನ್ನು ಮೆಚ್ಚಿ ಊರನ್ನೂ ಬರೆಸಿದರು. ಈಗಿನವರು ಹೆಚ್ಚಾಗಿ ಕಂಪ್ಯೂಟರಿನಲ್ಲೇ ಬರೆಯುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಅಲ್ಲಿ ಮಗುಚಿ ನೋಡಲು ಹಿಂಬದಿ ಇಲ್ಲ. ಬಣ್ಣದಲ್ಲಿ ಬರೆದ ಹಾಳೆಗಳು ಎಷ್ಟಿವೆಯೋ ಅಷ್ಟೇ.

ಆದ್ದರಿಂದ ಕೇಳುಗರೇ, ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ ಬಂಧುಗಳ ಮನೆಯಲ್ಲೋ ಸಿನಿಮಾಕ್ಕೆ ದುಡಿದ ಹಿರಿಯರು ಇದ್ದರೆ, ಅವರು ಬರೆದ ಸೆಟ್ಟಿನ ನಕ್ಷೆ, ವೇಷದ ಚಿತ್ರ ಅಟ್ಟದ ಮೇಲಿರಬಹುದು. ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಅದನ್ನು ಬಿಡಿಸುವುದು ಬಲು ಕಷ್ಟ. ಸೆಲ್ಲೋಟೇಪು ಹಚ್ಚಬೇಡಿ. ಬಿಸಿಲು ಬೀಳುವ ಗೋಡೆಗೆ ತೂಗಬೇಡಿ. ಸ್ಕೆಚ್ ಪೆನ್ನಿನ ಬಣ್ಣ ಬಹುಬೇಗ ಹಾರುತ್ತದೆ. ಮಳೆಗಾಲದಲ್ಲಿ ತೇವ, ಗೆದ್ದಲು ತಾಗದ ಕಡೆ ಮಟ್ಟಸವಾಗಿ ಮಲಗಿಸಿಡಿ. ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಿರಿ. ಯಾರು ಬರೆದದ್ದು, ಯಾವ ಸಿನಿಮಾಕ್ಕೆ, ಯಾವ ವರ್ಷ, ನಿಮಗೆ ಯಾರಿಂದ ಬಂತು. ಬರೆದವರು ಇನ್ನೂ ನಮ್ಮೊಡನಿದ್ದರೆ ಅವರ ಪಕ್ಕ ಕೂತು, ಅವರನ್ನೇ ಕೇಳಿ ಬರೆದುಕೊಳ್ಳಿ. ಈ ವಾರವೇ ಬರೆದುಕೊಳ್ಳಿ.